ಗೌರತ್ತೆಯ ಕಾರು ಹೊರಟದ್ದು

ಗೌರತ್ತೆಯ ಕಾರಿನ ಕೀಲಿ ಇರುವುದು ಸಾಸಿವೆ ಡಬ್ಬಿಯಲ್ಲಿ. ಗೋಡೆಯಲ್ಲಿ ಮೊಳೆಯಿಲ್ಲವೆಂದಲ್ಲ, ಮೊಳೆಗೆ ತೂಗುಹಾಕಿದ ಕೀಲಿ ಮನೆಯ ಗಂಡಸರೆಲ್ಲರ ಸ್ವತ್ತಾಗುತ್ತದೆ, ಸಾಸಿವೆಯೊಳಗೆ ಹೂತದ್ದು ಆಗುವುದಿಲ್ಲ ಎಂಬುದು ಅವಳ ತರ್ಕ. ಮಿತ್ರರೇ, ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎಷ್ಟೋ ಜನರ ವಾದ ಮುರಿದು ಕಪ್ ಗೆದ್ದವಳು, ಆದರೂ ಈ ಸಾಸಿವೆಯ ವಾದಕ್ಕೆ ಇದುವರೆಗೆ ನನ್ನಲ್ಲಿ ಉತ್ತರವಿಲ್ಲ. ಒಗ್ಗರಣೆ ಹಾಕಲು ಬಾರದ ನಮ್ಮಪ್ಪನಿಗೆ ಆ ಡಬ್ಬಿ ಯಾವುದೆಂದೂ ಗೊತ್ತಿಲ್ಲ.

ಗೌರತ್ತೆ ಅಪ್ಪನ ಅಕ್ಕ. ಕುಂದೂರಿನ ಈಚೆ, ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದು ಬೇಲಿ, ಬೇಲಿಯಲ್ಲಿ ಒಂದು ಸಂದು. ಮಾವ ತೀರಿಕೊಂಡಾಗ ಅವರ ಡೀಸೆಲ್ ಕಾರು ಕೊಟ್ಟಿಗೆಯ ಪಕ್ಕ ನಿಂತಿತ್ತು. ಅದನ್ನು ಯಾರಿಗೆ ಮಾರುವುದೆಂದು ಗಂಡಸರು ಜಗಲಿಯಲ್ಲಿ ಮಾತಾಡುತ್ತಿದ್ದಾಗ ಅತ್ತೆ ಅದನ್ನು ಓಡಿಸಲು ಕಲಿತಳು. ಅದಕ್ಕೆ ಮುಂಚೆ ಬಾಳ್ಳುಪೇಟೆಗೆ ಹೋಗಿ ಒಂದು ರವಿಕೆ ಹೊಲಿಯಲು ಕೊಡಬೇಕಾದರೂ ಅಪ್ಪನ ಬಿಡುವು ನೋಡಬೇಕಿತ್ತು, ಬಿಡುವಿದ್ದರೆ ಮುಖ ನೋಡಬೇಕಿತ್ತು. ಆಮೇಲೆ ಅವಳು ಯಾರ ಮುಖವನ್ನೂ ನೋಡಲಿಲ್ಲ, ರಸ್ತೆ ನೋಡಿದಳು.

ಕಳೆದ ವರ್ಷ ಆ ಕಾರು ಎಣ್ಣೆ ಕುಡಿಯಲು ಶುರುಮಾಡಿತು. ಏರಿನಲ್ಲಿ ಅದು ಉಗುಳುತ್ತಿದ್ದ ನೀಲಿ ಹೊಗೆಯ ನಡುವೆ ಅತ್ತೆ ಕೈಲಾಸಕ್ಕೆ ಹೊರಟವಳಂತೆ ಕಾಣುತ್ತಿದ್ದಳು. ಅಪ್ಪ ಬಹಳ ಪ್ರೀತಿಯಿಂದ, “ಮಾರ್ಬುಡು ಅಕ್ಕ, ಎಲ್ಲಿಗೆ ಬೇಕಾದ್ರೂ ನಾನೇ ಕರ್ಕಂಡ್ ಹೋಗ್ತೀನಲ್ಲ,” ಎಂದ. ಪ್ರೀತಿಯ ಮಾತನ್ನು ಖಂಡಿಸುವಷ್ಟು ಕಷ್ಟದ ಕೆಲಸ ತರ್ಕಶಾಸ್ತ್ರದಲ್ಲಿ ಇನ್ನೊಂದಿಲ್ಲ; ಅತ್ತೆ ಸುಮ್ಮನೆ ನನ್ನ ಕಡೆ ನೋಡಿದಳು. ನಾನು ಜಗಲಿಯಲ್ಲಿ ಮುಕ್ಕಾಲು ಗಂಟೆ ವಾದಿಸಿದೆ. ಹಳೆಯದೆಂಬ ಒಂದೇ ಕಾರಣಕ್ಕೆ ಗುಜರಿಗೆ ಹಾಕುವುದಾದರೆ ಈ ಮನೆಯ ಜಗಲಿಯಿಂದಲೇ ಪ್ರಾರಂಭಿಸಬಹುದು ಎಂದೆ. ಕೊನೆಗೆ ಅಪ್ಪ ಸೋತ, ಆದರೆ ಸೋಲುವವರ ಕೊನೆಯ ಹಕ್ಕಾದ ಷರತ್ತನ್ನು ಹಾಕಿದ: ಎಂಜಿನ್ ಬಿಚ್ಚಿಸಿ ನೋಡೋಣ, ಭಾನುವಾರದೊಳಗೆ ರಸ್ತೆಗೆ ಇಳಿಯಬೇಕು, ಇಲ್ಲವಾದರೆ ಸೋಮವಾರ ಗುಜರಿಯವನು ಬರುತ್ತಾನೆ.

ಮೊದಲಿನಿಂದ ಆ ಕಾರಿನ ವೈದ್ಯ ಬಾಳ್ಳುಪೇಟೆಯ ಈರಣ್ಣ. ಕಣ್ಣು ಮಂಜಾಗಿ ಅವನು ಗ್ಯಾರೇಜು ಬಿಟ್ಟಿದ್ದ. ಹಾಗಾಗಿ ಸಕಲೇಶಪುರದಿಂದ ಹೊಸ ಮೆಕ್ಯಾನಿಕ್‌ನನ್ನು ನಾನೇ ಹುಡುಕಿ ತಂದೆ. ಅವನು ಒಳ್ಳೆಯ ಕೆಲಸಗಾರ. ನಮ್ಮ ಶೆಡ್ಡಿನಲ್ಲೇ ಎಂಜಿನ್ ಬಿಚ್ಚಿ ಪಿಸ್ಟನ್ ರಿಂಗು, ವಾಲ್ವು, ಹೆಡ್ ಗ್ಯಾಸ್ಕೆಟ್ಟು ಎಲ್ಲ ಹೊಸದು ಹಾಕಿದ. ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಬಾನೆಟ್ಟಿನೊಳಗಿನ ಜಿಡ್ಡು ಒರೆಸುವ ಕೆಲಸ ನನ್ನದಾಯಿತು.

ಒರೆಸುತ್ತಿರುವಾಗ ಡೀಸೆಲ್ ಪಂಪಿನ ಪಕ್ಕದಲ್ಲಿ ಅದು ಕಂಡಿತು. ಕಪ್ಪು ದಾರ ಬಿಗಿಯಾಗಿ ಸುತ್ತಿದ, ಬೆರಳುದ್ದದ ಒಂದು ಗಂಟು, ಮೇಲೆ ಭಸ್ಮದ ಗುರುತು. ಅದರ ಪರಿಚಯ ನನಗಿತ್ತು. ಪ್ರತಿವರ್ಷ ಆಯುಧಪೂಜೆಯ ದಿನ ಈರಣ್ಣ ಬಂದು ಹಳೆಯದನ್ನು ಬಿಚ್ಚಿ ಹೊಸದನ್ನು ಕಟ್ಟಿ, “ದೇವರ ದಾರ, ಯಾರೂ ಮುಟ್ಟಬಾರದು,” ಎಂದು ಕಾಫಿ ಕುಡಿದು ಹೋಗುತ್ತಿದ್ದ. ನಾನು ಸ್ಕೂಲಿನಲ್ಲಿದ್ದಾಗಲೇ ಅದರ ವಿರುದ್ಧ ಒಂದು ಪುಟ್ಟ ಭಾಷಣ ಮಾಡಿ ಅಪ್ಪನಿಂದ ಬೈಸಿಕೊಂಡದ್ದುಂಟು. ಈಗ ಕೈಯಲ್ಲಿ ಬ್ಲೇಡಿತ್ತು, ಸುತ್ತ ಅಪ್ಪನಿರಲಿಲ್ಲ. ಡೀಸೆಲ್ ಉರಿಯುವುದು ಒತ್ತಡದಿಂದ, ಭಕ್ತಿಯಿಂದಲ್ಲ ಎಂದು ಕಾರಿಗೇ ಕೇಳುವಂತೆ ಹೇಳಿ ಕತ್ತರಿಸಿ, ಬಚ್ಚಲ ಒಲೆಗೆ ಎಸೆದೆ. ಏನೋ ಕೆಟ್ಟ ವಾಸನೆ ಬಂತು. ಮೂಢನಂಬಿಕೆ ಸುಟ್ಟರೆ ಹೀಗೇ ಬರುವುದೆಂದುಕೊಂಡೆ.

ಭಾನುವಾರ ಬೆಳಿಗ್ಗೆ ಅತ್ತೆ ಇಸ್ತ್ರಿ ಸೀರೆ ಉಟ್ಟು ಬಂದು ಕೂತು ಕೀಲಿ ತಿರುಗಿಸಿದಳು. ಸೆಲ್ಫು ತಿರುಗಿತು, ಎಂಜಿನ್ನು ಹತ್ತಲಿಲ್ಲ. ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿದೆಯೆಂದು ಮೆಕ್ಯಾನಿಕ್ಕು ಗಾಳಿ ತೆಗೆದ, ಹತ್ತಲಿಲ್ಲ. ಬ್ಯಾಟರಿ ಸಾಲದೆಂದು ಟ್ರ್ಯಾಕ್ಟರಿನ ಬ್ಯಾಟರಿ ತಂದು ತಂತಿ ಕೊಟ್ಟ, ಹತ್ತಲಿಲ್ಲ. ಕಡೆಗೆ, ನಮ್ಮ ಗುಡ್ಡದ ನಾಡಿನಲ್ಲಿ ಎಲ್ಲ ಯಂತ್ರಗಳಿಗೂ ಇರುವ ಅಂತಿಮ ಚಿಕಿತ್ಸೆಯಂತೆ, ಇಳಿಜಾರಿನಲ್ಲಿ ತಳ್ಳಿದ್ದಾಯಿತು. ಎಸ್ಟೇಟಿನ ಕೂಲಿ ಲೈನಿನಿಂದ ನಾಲ್ಕು ಜನ ಬಂದು ಕೈಕೊಟ್ಟರು. ಕಾರು ಸದ್ದಿಲ್ಲದೆ, ಒಂದು ಬಗೆಯ ಗಾಂಭೀರ್ಯದಿಂದ, ಅತ್ತೆಯನ್ನು ಹೊತ್ತು ಇಳಿಜಾರಿನ ತಳದವರೆಗೂ ಉರುಳಿ ಹೋಗಿ ಗದ್ದೆಯಂಚಿನಲ್ಲಿ ನಿಂತಿತು. ಬೆಳಿಗ್ಗೆ ಮನೆಯ ಹತ್ತಿರ ಕೆಟ್ಟು ನಿಂತಿದ್ದದ್ದು ಈಗ ಮನೆಯಿಂದ ದೂರ ಕೆಟ್ಟು ನಿಂತಿತ್ತು ಎನ್ನುವಷ್ಟು ಪ್ರಗತಿಯಾಯಿತು.

“ಮೇಲಕ್ಕೆ ಡೀಸೆಲ್ಲೇ ಬರ್ತಿಲ್ಲ. ಪಂಪೇ ಹೋಗಿರ್ಬೇಕು, ಬಿಚ್ಚಿ ಹಾಸನಕ್ಕೆ ಕಳಿಸ್ಬೇಕು,” ಎಂದು ಹೇಳಿ ಮೆಕ್ಯಾನಿಕ್ಕು ಇನ್ನೊಂದು ಕೆಲಸಕ್ಕೆ ಹೋದ.

ಅಪ್ಪ ಗೆದ್ದವನಂತೆ ಬೀಗಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಅವನು ಕಿಟಕಿಯ ಹತ್ತಿರ ಬಗ್ಗಿ ಮೆಲ್ಲಗೆ, “ಆಯ್ತು ಬುಡಕ್ಕ. ನಾಳೆ ಬಾಳ್ಳುಪೇಟೆಲಿ ಏನ್ ಕೆಲ್ಸ ಐತೆ ಹೇಳು, ನಾನೇ ಮಾಡ್ಕಂಡ್ ಬತ್ತೀನಿ,” ಎಂದು ಹೇಳಿ ಮನೆಗೆ ನಡೆದ. ಅತ್ತೆ ಸ್ಟೀರಿಂಗ್ ಹಿಡಿದುಕೊಂಡೇ ಕೂತಿದ್ದಳು. ಎದುರಿಗೆ ರಸ್ತೆಯಿರಲಿಲ್ಲ, ಗದ್ದೆಯಿತ್ತು. ಇಳಿದು ಬಾ ಎಂದರೆ, “ಇಳೀತೀನಿ ಕಣೆ, ಇಳಿಯೋದೇನು ದೊಡ್ಡದು,” ಎಂದಳೇ ಹೊರತು ಇಳಿಯಲಿಲ್ಲ.

ನಾನು ಬಸ್ಸು ಹತ್ತಿ ಬಾಳ್ಳುಪೇಟೆಗೆ ಹೋಗಿ ಈರಣ್ಣನನ್ನು ಆಟೋದಲ್ಲಿ ಕರೆತಂದೆ. ಅವನು ಬಾನೆಟ್ಟಿನೊಳಗೆ ನೋಡಲೇ ಇಲ್ಲ, ನೋಡಿದರೂ ಅವನಿಗೆ ಹೆಚ್ಚೇನೂ ಕಾಣುತ್ತಿರಲಿಲ್ಲ. ಕತ್ತಲಲ್ಲಿ ಬೆಂಕಿಪೊಟ್ಟಣ ತಡಕುವವನಂತೆ ನೇರ ಪಂಪಿನ ಪಕ್ಕಕ್ಕೆ ಕೈ ಹಾಕಿ, ಹಾಗೇ ನಿಂತ.

“ಇಲ್ಲೊಂದು ದಾರ ಇತ್ತಲ್ಲ, ಯಾರು ಕಿತ್ತಿದ್ದು?”

“ನಾನೇ.”

“ಯಾಕೆ ಲಾಯರಮ್ಮ?”

“ಮೂಢನಂಬಿಕೆ ಅಂತ.”

“ಸರಿ ಬುಡಿ. ಒಳಗೇನಿತ್ತು ನೋಡಿದ್ರಾ?”

ನೋಡಿರಲಿಲ್ಲ.

“ನಂಬ್ದೋರೂ ಬಿಚ್ಚಿ ನೋಡ್ಲಿಲ್ಲ, ನಂಬ್ದೆ ಇರೋರೂ ಬಿಚ್ಚಿ ನೋಡ್ಲಿಲ್ಲ. ನೀವೂ ನಿಮ್ಮಪ್ಪನೂ ಒಂದೇ ಪಾರ್ಟಿ ಕಣ್ರೀ.”

ಒಳಗಿದ್ದದ್ದು ಸೈಕಲ್ ಟ್ಯೂಬಿನ ಪಟ್ಟಿ. ಈ ಹಳೆಯ ಡೀಸೆಲ್ ಕಾರುಗಳನ್ನು ನಿಲ್ಲಿಸಲು ಡ್ರೈವರ್ ಮುಂದೆ ಒಂದು ಗುಂಡಿ ಇರುತ್ತದೆ. ಅದನ್ನು ಎಳೆದರೆ ಪಂಪಿನ ಮೇಲಿನ ಒಂದು ಸಣ್ಣ ಹಿಡಿಕೆ ವಾಲಿ ಡೀಸೆಲ್ ನಿಲ್ಲುತ್ತದೆ. ಬಿಟ್ಟರೆ ಒಂದು ಸ್ಪ್ರಿಂಗು ಹಿಡಿಕೆಯನ್ನು ಹಿಂದಕ್ಕೆ ಎಳೆದು ಡೀಸೆಲ್‌ಗೆ ದಾರಿ ಬಿಡುತ್ತದೆ. ಆ ಸ್ಪ್ರಿಂಗು ಮಾವನ ಕಾಲದಲ್ಲೇ ಮುರಿದಿತ್ತು. ಅದರ ಜಾಗದಲ್ಲಿ ಈರಣ್ಣ ರಬ್ಬರ್ ಪಟ್ಟಿ ಕಟ್ಟಿದ್ದ. ನಾನು ಕತ್ತರಿಸಿದ ಮೇಲೆ ಹಿಡಿಕೆ ತನ್ನ ಭಾರಕ್ಕೇ ‘ನಿಲ್ಲು’ ಎಂಬ ಕಡೆಗೆ ವಾಲಿ ಅಲ್ಲೇ ಉಳಿದಿತ್ತು, ನಾವು ಮಾತ್ರ ‘ಹೊರಡು’ ಎಂದು ಇಡೀ ಬೆಳಿಗ್ಗೆ ತಳ್ಳುತ್ತಿದ್ದೆವು.

“ಮತ್ತೆ ದೇವರ ದಾರ ಅಂತ ಯಾಕೆ ಸುಳ್ಳು ಹೇಳಿದ್ರಿ?” ಎಂದೆ. ಸೋತವರಿಗೆ ನೈತಿಕ ಪ್ರಶ್ನೆಗಳು ಬೇಗ ಹೊಳೆಯುತ್ತವೆ.

“ಮೊದಲು ಬರೀ ರಬ್ಬರೇ ಕಟ್ಟಿದ್ದೆ. ನಿಮ್ಮ ಮಾವ ಅದನ್ನ ಕಿತ್ತು ಮೆಣಸಿನ ಮೂಟೆ ಬಾಯಿಗೆ ಕಟ್ಬುಟ್ರು. ಎರಡನೇ ಸಲ ಯಾರೋ ಬೇಡದ್ದು ಅಂತ ಕಿತ್ತೆಸೆದ್ರು. ಮೂರನೇ ಸಲ ಕಪ್ಪುದಾರ ಸುತ್ತಿ ಭಸ್ಮ ಹಚ್ದೆ. ಅಲ್ಲಿಂದ ಒಬ್ರೂ ಮುಟ್ಲಿಲ್ಲ. ರಬ್ಬರ್ ಒಂದು ವರ್ಷಕ್ಕೆ ಒಣಗ್ತದೆ, ಅದ್ಕೆ ಆಯುಧಪೂಜೆ.”

“ಕೀಳಬೇಡಿ ಅಂತ ಒಂದು ಚೀಟಿ ಬರೆದು ಅಂಟಿಸಬಹುದಿತ್ತು.”

“ಬಸ್ಸಲ್ಲಿ ಉಗುಳಬೇಡಿ ಅಂತ ಬರ್ದೈತೆ,” ಎಂದು ಈರಣ್ಣ ಕೈ ಒರೆಸಿಕೊಂಡ.

ಕಾರಿನೊಳಗಿಂದ ಅತ್ತೆ ನಕ್ಕ ಸದ್ದು ಕೇಳಿತು. ಎಲ್ಲವನ್ನೂ ಅವಳು ಕೇಳಿಸಿಕೊಂಡಿದ್ದಳು.

ಮಿತ್ರರೇ, ಇದರಿಂದ ದಾರಗಳೆಲ್ಲ ಪವಿತ್ರವೆಂದು ನಾನು ಒಪ್ಪಿಕೊಂಡೆನೆಂದು ತಿಳಿಯಬೇಡಿ. ನಮ್ಮೂರಿನಲ್ಲಿ ಬಾಗಿಲಿಗೆ, ಕರುವಿಗೆ, ಪಂಪ್‌ಸೆಟ್ಟಿಗೆ, ಮೊಬೈಲಿಗೆ ಕಟ್ಟಿರುವ ದಾರಗಳನ್ನೆಲ್ಲ ಬಿಚ್ಚಿದರೆ ಬಹುಪಾಲು ದಾರದೊಳಗೆ ಇನ್ನಷ್ಟು ದಾರವೇ ಸಿಗುತ್ತದೆ. ಈರಣ್ಣನ ಉಪಾಯವೂ ನಿರಪಾಯದ್ದಲ್ಲ. ಅವನೊಬ್ಬ ಇಲ್ಲವಾಗಿದ್ದರೆ ಅವನ ಸುಳ್ಳು ಉಳಿದು, ಅದರೊಳಗೆ ಬಚ್ಚಿಟ್ಟ ನಿಜ ಒಣಗಿ ಹೋಗುತ್ತಿತ್ತು. ಆದರೆ ನನ್ನ ತಪ್ಪು ಬೇರೆ. ಸಂದೇಹ ಪಡುವುದೆಂದರೆ ಬಿಚ್ಚಿ ನೋಡುವುದೆಂದು ವೇದಿಕೆಗಳ ಮೇಲೆ ಹೇಳಿಕೊಂಡು ತಿರುಗಿದವಳು ಕೈಗೆ ಬಂದ ಗಂಟನ್ನು ಅದರ ವೇಷ ನೋಡಿಯೇ ಒಲೆಗೆ ಹಾಕಿದ್ದೆ. ಅಪ್ಪ ಬಣ್ಣ ನೋಡಿ ಕೈಮುಗಿದ, ನಾನು ಅದೇ ಬಣ್ಣ ನೋಡಿ ಬ್ಲೇಡು ಹಿಡಿದೆ. ಆ ಬಡಪಾಯಿ ರಬ್ಬರು ಮಾತ್ರ ಯಾರ ಅಭಿಪ್ರಾಯಕ್ಕೂ ಕಾಯದೆ ಎಳೆಯುತ್ತಲೇ ಇತ್ತು.

ಶೆಡ್ಡಿನಿಂದ ಹಳೇ ಟ್ಯೂಬು ತಂದು ಕೊಟ್ಟೆ. ಈರಣ್ಣ ಪಟ್ಟಿ ಕತ್ತರಿಸಿ ಕಟ್ಟಿದ. ಅತ್ತೆ ಎಂಜಿನ್ನಿನ ಹೀಟರ್ ಕಾಯುವವರೆಗೆ ತಡೆದು ಕೀಲಿ ತಿರುಗಿಸಿದಳು. ಎರಡು ಸಲ ಕೆಮ್ಮಿ, ಗದ್ದೆಯ ಬೆಳ್ಳಕ್ಕಿಗಳನ್ನೆಲ್ಲ ಎಬ್ಬಿಸಿ, ಎಂಜಿನ್ನು ಹತ್ತಿತು. ನೀಲಿ ಹೊಗೆಯಿರಲಿಲ್ಲ.

ಸದ್ದು ಕೇಳಿ ಅಪ್ಪ ಇಳಿಜಾರು ಇಳಿದು ಬಂದ. “ಏನಾಗಿತ್ತಂತೆ?”

ಆ ಕ್ಷಣದಲ್ಲಿ ಅವನ ಮುಂದಿನ ವಾದ ನನಗೆ ಅಕ್ಷರಶಃ ಕಾಣುತ್ತಿತ್ತು. ಸ್ಪ್ರಿಂಗು ಮುರಿದಿದೆ ಎಂದರೆ, ಸೈಕಲ್ ಟ್ಯೂಬಿನ ಮೇಲೆ ನಿಂತ ಕಾರಿನಲ್ಲಿ ನಮ್ಮಕ್ಕ ಓಡಾಡಬೇಕಾ ಎನ್ನುತ್ತಾನೆ. ಅದು ಒಳ್ಳೆಯ ವಾದ, ನಾನಾಗಿದ್ದರೂ ಅದನ್ನೇ ಮಂಡಿಸುತ್ತಿದ್ದೆ, ಆಗ ಗುಜರಿಯವನು ನಾಳೆ ಬಂದೇ ಬರುತ್ತಾನೆ. ಅಸಲಿ ಸ್ಪ್ರಿಂಗು ಹಾಸನದಿಂದ ತಂದು ಹಾಕಿಸುವುದು ನನ್ನ ಹೊಣೆಯೆಂದು ಆಗಲೇ ಮನಸ್ಸಿನಲ್ಲಿ ಒಪ್ಪಿಕೊಂಡಿದ್ದೆ, ವಾರದೊಳಗೆ ಹಾಕಿಸಿಯೂ ಹಾಕಿಸಿದೆ. ಆದರೆ ಅಪ್ಪ ವಾರ ಕಾಯುವವನಲ್ಲ. ಈರಣ್ಣ ಆಕಾಶ ನೋಡುತ್ತಿದ್ದ. ಅತ್ತೆ ಮಾತ್ರ ನನ್ನನ್ನೇ ನೋಡುತ್ತಿದ್ದಳು, ಜಗಲಿಯಲ್ಲಿ ನೋಡಿದ ಹಾಗೆಯೇ.

ಚರ್ಚಾಸ್ಪರ್ಧೆಯಲ್ಲಿ ಪರವೋ ವಿರೋಧವೋ ಚೀಟಿ ಎತ್ತಿ ತಿಳಿಯಬೇಕು. ಬಂದ ಪಕ್ಷವನ್ನು ನಮ್ಮದೆಂಬಂತೆ ಹಿಡಿಯಬೇಕು.

“ದೇವರ ದಾರ ಕಿತ್ತುಹಾಕಿದ್ದೆ ಅಪ್ಪ,” ಎಂದೆ. “ಈರಣ್ಣ ಬಂದು ಮತ್ತೆ ಕಟ್ಟಿದ್ರು. ಹತ್ಕೊಂಡ್ತು.”

ಹೇಳಿದ್ದರಲ್ಲಿ ಒಂದಕ್ಷರವೂ ನಡೆಯದ್ದಲ್ಲ ಎಂದು ನನ್ನೊಳಗಿನ ವಕೀಲೆ ಸಮಾಧಾನ ಹೇಳಿದಳು. ಇಷ್ಟು ವರ್ಷ ಕಾದು ಸಿಕ್ಕ ಗೆಲುವನ್ನು ಮೆಲ್ಲಗೆ ತಿನ್ನಬೇಕೆಂದು ಅಪ್ಪನಿಗೂ ಗೊತ್ತಿತ್ತು. ನಿಧಾನವಾಗಿ ಫೋನು ತೆಗೆದು ಗುಜರಿಯವನಿಗೆ ಹೇಳಿದ: “ಬರ್ಬೇಡ ಮಾರಾಯ. ಇದು ದೇವರಿರೋ ಗಾಡಿ, ಕೊಡಕ್ಕಾಗಲ್ಲ.”

ಅಷ್ಟರಲ್ಲಿ ಅತ್ತೆ ಈರಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಾರನ್ನು ಗದ್ದೆಯಂಚಿನಿಂದ ಹಿಂದಕ್ಕೆ ತೆಗೆದು ರಸ್ತೆಗೆ ತಿರುಗಿಸಿಯಾಗಿತ್ತು.

“ಎಲ್ಲಿಗಕ್ಕ?”

“ಬಾಳ್ಳುಪೇಟೆಗೆ.”

“ಈರಣ್ಣನ್ನ ಆಟೋದಲ್ಲಿ ಕಳಿಸನ. ನಿಂಗೇನ್ ಕೆಲ್ಸ ಐತೆ ಹೇಳು, ನಾನ್ ನಾಳೆ…”

“ಕೆಲ್ಸ ಏನೂ ಇಲ್ಲ ಕಣೋ,” ಎಂದು ಅತ್ತೆ ಗೇರು ಹಾಕಿದಳು.