ಕಟ್ಟಡದ ಹುಡುಗಿ

ಐವತ್ತೆರಡು ತುಂಬಿದ ಟೈಲರಮ್ಮನನ್ನು ಆ ಕಟ್ಟಡದವರು ಹುಡುಗಿ ಎಂದೇ ಕರೆಯುತ್ತಿದ್ದರು. ಲಿಫ್ಟಿಲ್ಲದ ಆ ನಾಲ್ಕಂತಸ್ತಿನಲ್ಲಿ ಉಳಿದವರೆಲ್ಲ ಅರವತ್ತೈದು ದಾಟಿದವರು. ಮೆಟ್ಟಿಲ ಬಲ್ಬು ಸುಟ್ಟರೆ, ಟ್ಯಾಂಕು ತುಂಬಿ ಹರಿದರೆ, ಯಾರದೋ ಗ್ಯಾಸ್ ಸಿಲಿಂಡರು ಕೆಳಗೇ ಉಳಿದರೆ, ಪರದೆ ಹೊಲಿಯುತ್ತ ಕೂತವಳ ಬಾಗಿಲು ಬಡಿಯುತ್ತಿದ್ದರು. ಕೆಲಸ ಎದುರಾದ ಕೂಡಲೇ ಎಲ್ಲರ ವಯಸ್ಸೂ ಏರುತ್ತಿತ್ತು. ಬೆಳಿಗ್ಗೆ ಅರವತ್ತೆಂಟು ಎಂದಿದ್ದ ರಿಟೈರ್ಡ್ ಡ್ರೈವರು ಸಂಜೆ ಪಂಪು ಕೆಟ್ಟಾಗ ಎಪ್ಪತ್ತೈದಾಗಿಬಿಡುತ್ತಿದ್ದರು.

ಒಂದು ದಿನ ಬಲ್ಬು ಬದಲಿಸುವಾಗ ಅವಳು ಏಣಿಯಿಂದ ಜಾರಿ ಮೊಣಕೈ ತರಚಿಕೊಂಡಳು. ಹಿಡಿದುಕೊಳ್ಳಲು ಯಾರೂ ಬಂದಿರಲಿಲ್ಲ. ಎದುರುಮನೆಯ ಅಜ್ಜಿ ಬಾಗಿಲ ಸಂದಿಯಿಂದ ಇಣುಕಿ, "ಎಳೇ ಚರ್ಮ, ಬೇಗ ಕೂಡ್ಕೊಳ್ಳತ್ತೆ ಬಿಡು," ಎಂದು ಸಮಾಧಾನ ಹೇಳಿದರು. ಟೈಲರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಅಂದಿನಿಂದ ತಲೆಗೆ ಬಣ್ಣ ಹಚ್ಚುವುದನ್ನೇ ಬಿಟ್ಟು, ಕೂದಲನ್ನು ಮೋಟಾಗಿ ಕತ್ತರಿಸಿಕೊಂಡಳು. ಚಳಿ ಮುಗಿಯುವಷ್ಟರಲ್ಲಿ ತಲೆ ಹತ್ತಿಯುಂಡೆಯಂತಾಯಿತು. ಜೊತೆಗೆ ಮೆಟ್ಟಿಲು ಹತ್ತುವಾಗ ನಾಲ್ಕು ಮನೆಗೆ ಕೇಳುವಂತೆ ನರಳುವುದನ್ನೂ ಕಲಿತಳು.

ಕಟ್ಟಡಕ್ಕೆ ದಿಗಿಲು ಹತ್ತಿತು. ಹುಡುಗಿ ಮುದುಕಿಯಾದರೆ ಇನ್ನು ಗತಿ ಯಾರು? ಉಳಿದವರಲ್ಲಿ ಚಿಕ್ಕವರು ಯಾರೆಂದು ಗೊತ್ತುಮಾಡಲು ಎಲ್ಲರೂ ಮೆಟ್ಟಿಲ ಮೇಲೆ ಸಭೆ ಸೇರಿದರು. ಡ್ರೈವರು ತಮಗೆ ಎಪ್ಪತ್ತೈದೆಂದು ಮೊದಲೇ ಸಾರಿದರು. ಅವರ ಹೆಂಡತಿ ತಲೆ ಬಗ್ಗಿಸಿ, "ಇವರಿಗೆ ಅರವತ್ತಾರು. ನನಗಿಂತ ಎರಡು ವರ್ಷ ಚಿಕ್ಕೋರು. ಇಷ್ಟು ದಿನ ಮುಚ್ಚಿಟ್ಟಿದ್ದೆ," ಎಂದರು.

ಡ್ರೈವರು ಎರಡು ದಿನ ಮುಖ ಊದಿಸಿಕೊಂಡಿದ್ದರು. ಆಮೇಲೆ ಯಾರೋ 'ನಮ್ಮ ಹುಡುಗ' ಎಂದದ್ದು ಕಿವಿಗೆ ಬಿತ್ತು. ಮರುದಿನವೇ ಕೆಂಪು ಟೀ ಶರ್ಟು ತೊಟ್ಟು ಎರಡೆರಡು ಮೆಟ್ಟಿಲು ಹಾರಿದರು. ಅವರು ಏಣಿ ಹತ್ತಿದರೆ ಬೀಳದಿರಲೆಂದು ಇಡೀ ಕಟ್ಟಡ ಓಡಿಬರುತ್ತಿತ್ತು. ಈ ಮರ್ಯಾದೆ ಉಳಿದವರ ಕಣ್ಣು ಕುಕ್ಕಿತು. ಈಗ ವಯಸ್ಸುಗಳು ಇಳಿಯತೊಡಗಿದವು. ಕೆಳಮನೆಯ ಹೆಡ್‌ಮಾಸ್ಟರು ತಮಗಿನ್ನೂ ಅರವತ್ತೈದೆಂದು ಹೇಳಿಕೊಂಡು ಸಿಲಿಂಡರಿನ ಇನ್ನೊಂದು ತುದಿ ಕಸಿದುಕೊಂಡರು. ಎದುರುಮನೆಯ ಅಜ್ಜಿ ತಮ್ಮನ್ನು ಅಕ್ಕ ಎನ್ನಬೇಕೆಂದು ತಾಕೀತು ಮಾಡಿ ಟ್ಯಾಂಕು ತೊಳೆಯಲು ಹೊರಟರು.

ಟೈಲರಮ್ಮನಿಗಾಗಿ ಮೆಟ್ಟಿಲ ತಿರುವಿನಲ್ಲಿ ಕುರ್ಚಿ ಬಂತು. ಮಧ್ಯಾಹ್ನದ ನಿದ್ದೆಯೂ ಬಂತು. ಆದರೆ ಆ ಅಜ್ಜಿಯೇ ತನ್ನ ರಟ್ಟೆ ಹಿಡಿದು ನಿಧಾನವಾಗಿ ಮೆಟ್ಟಿಲು ಇಳಿಸುವಾಗ ಮಾತ್ರ ಅವಳಿಗೆ ಎಲ್ಲೋ ಲೆಕ್ಕ ತಪ್ಪಿದೆ ಎನಿಸುತ್ತಿತ್ತು.

ಅಷ್ಟರಲ್ಲಿ ಅವಳ ಸ್ವಂತ ಅಕ್ಕ ನಾಲ್ಕು ದಿನ ಇರಲೆಂದು ಬಂದಳು. ಐವತ್ತೆಂಟಾದರೂ ತಲೆ ಮಿರಮಿರ ಕಪ್ಪು. ಡ್ರೈವರು ಇಬ್ಬರನ್ನೂ ನೋಡಿ, "ನಿಮ್ಮ ತಂಗೀನಾ, ಅಮ್ಮಾ?" ಎಂದರು.

ಅಕ್ಕ ನಾಚಿ ಕೆಂಪಾದಳು.

"ಹೂಂ, ಕೊನೇ ತಂಗಿ," ಎಂದಳು ಟೈಲರಮ್ಮ. "ಕೆಲಸಕ್ಕೆ ಬಲು ಚುರುಕು."

ಮಧ್ಯಾಹ್ನಕ್ಕೆ ಸರಿಯಾಗಿ ಆ ತಂಗಿ ಏದುಸಿರು ಬಿಡುತ್ತ, ಡ್ರೈವರ ಜೊತೆ ಸಿಲಿಂಡರು ಹೊತ್ತು ಮೂರನೇ ಮಹಡಿಗೆ ಹತ್ತುತ್ತಿದ್ದಳು. ತಿರುವಿನಲ್ಲಿ ನಿಂತು, "ಇರು, ಮನೆಗೆ ಬಾ, ನಿನಗಿದೆ," ಎಂದು ಹಲ್ಲು ಕಡಿದಳು. ಟೈಲರಮ್ಮ ಕುರ್ಚಿಯಲ್ಲೇ ಸ್ವಲ್ಪ ಸರಿದು, ದಾರಿಗೆ ಅಡ್ಡವಾಗದಂತೆ ಕಾಲು ಮಡಚಿಕೊಂಡಳು.