ಬಾಯಿ ಬಿಡಿಸುವ ಅಕ್ಕ

ನಮ್ಮಕ್ಕನ ಕೆಲಸ ಊರವರ ಬಾಯಿ ನೋಡುವುದು. ಆಸ್ಪತ್ರೆಯವರು ಕೊಟ್ಟ ಟಾರ್ಚು, ಪುಟ್ಟ ಕನ್ನಡಿ, ಒಂದು ಕಟ್ಟು ಫಾರಂ ಹಿಡಿದು ಮನೆಮನೆ ಹತ್ತಿಳಿಯುತ್ತಾಳೆ. ಕೆನ್ನೆಯೊಳಗೆ ಬಿಳಿ ಮಚ್ಚೆಯೋ ಕೆಂಪು ಕಲೆಯೋ ಇದೆಯೇ, ಅವರವರ ಮೂರು ಬೆರಳು ಅವರವರ ಬಾಯೊಳಗೆ ಹೋಗುತ್ತವೆಯೇ ಎಂದು ಬರೆದುಕೊಳ್ಳಬೇಕು. ಕ್ಯಾನ್ಸರಿಗೆ ಮೊದಲಿನ ಗುರುತುಗಳು ಎಷ್ಟು ಜನಕ್ಕಿವೆ ಎಂದು ತಿಳಿಯಲು.

ಅವಳು ಹೇಳುವುದು ಒಂದೇ ಮಾತು: "ಸ್ವಲ್ಪ ಬಾಯಿ ಬಿಡಿ." ಮೂಲೆಮನೆಯ ಬಡಗಿ ಟಾರ್ಚು ಕಂಡವನೇ ಬೆವೆತು, ಪಕ್ಕದವರ ಏಣಿ ಮುರಿದದ್ದು ತಾನೇ ಎಂದು ಒಪ್ಪಿಕೊಂಡುಬಿಟ್ಟ! ಇಸ್ತ್ರಿ ಅಂಗಡಿಯಾಕೆ ಸೊಸೆಯ ಮೇಲಿನ ಏಳು ವರ್ಷದ ದೂರು ಒದರುತ್ತಿರುವಾಗಲೇ ಅಕ್ಕ ಆಕೆಯ ಎರಡೂ ಕೆನ್ನೆ ನೋಡಿ ಮುಗಿಸಿದ್ದಳು. ಇನ್ನೂರು ಬಾಯಿಗಳಲ್ಲಿ ಹದಿನೆಂಟಕ್ಕೆ ಗುರುತಿತ್ತು. ನಾನು ಮೂಗಿನ ಮೇಲೆ ಬೆರಳಿಟ್ಟೆ.

"ಮೂಗಿನ ಮೇಲಲ್ಲ ಕಣೋ, ಬಾಯೊಳಗಿಡು. ಮೂರು," ಎಂದಳು.

ಅವಳು ನೋಡದೆ ಬಿಟ್ಟದ್ದು ಭಾವನ ಬಾಯಿ ಒಂದನ್ನೇ. ಭಾವ ಸೋಫಾಗಳಿಗೆ ಬಟ್ಟೆ ಹೊದಿಸುವವರು. ಕೆಲಸಕ್ಕೆ ಕೂತರೆ ಒಂದು ಕೆನ್ನೆಯಲ್ಲಿ ಮೊಳೆ, ಇನ್ನೊಂದರಲ್ಲಿ ತಂಬಾಕು. ಎರಡು ತಿಂಗಳಿಂದ ಅವರ ಮಾತೂ ಕಡಿಮೆ, ಊಟವೂ ಕಡಿಮೆ. ತಾನು ಊರು ಸುತ್ತುವುದಕ್ಕೆ ಮುಖ ಊದಿಸಿಕೊಂಡಿದ್ದಾರೆ ಎಂದುಕೊಂಡ ಅಕ್ಕ, ಹಠಕ್ಕೆ ಬಿದ್ದು ತಾನೂ ಸುಮ್ಮನಾಗಿದ್ದಳು.

ಒಂದು ಭಾನುವಾರ ಭಾವ ಬಾಳೆಹಣ್ಣನ್ನು ಚಮಚದಲ್ಲಿ ಚೂರುಚೂರು ಮಾಡಿ ಬಾಯಿಗೆ ತಳ್ಳಿಕೊಳ್ಳುತ್ತಿದ್ದರು. ಅಕ್ಕ ಬಡಿಸುವುದನ್ನು ಅಲ್ಲೇ ನಿಲ್ಲಿಸಿದಳು.

"ರೀ, ಬಾಯಿ ಬಿಡಿ."

"ಏನ್ ಹೇಳ್ಲಿ? ನಿನ್ನ ಮೇಲೆ ಕೋಪ ಇಲ್ಲ ಕಣೇ."

"ಹೇಳೋದಲ್ಲ ರೀ, ತೆಗೀರಿ!"

ಭಾವನ ಬಾಯೊಳಗೆ ಅವರದೇ ಒಂದು ಬೆರಳಷ್ಟೇ ಹೋಯಿತು. ಎರಡನೆಯದು ಹಲ್ಲಿಗೆ ತಾಗಿ ನಿಂತಿತು.

"ಯಾಕ್ರೀ ಮುಚ್ಚಿಟ್ರಿ?"

"ಊರೆಲ್ಲಾ ಹುಡುಕೋಳು ನೀನು. ನಿನ್ನ ಮನೇಲೇ ಸಿಕ್ಕಿದ್ರೆ ನಿನ್ನ ಮರ್ಯಾದೆ ಏನಾಗ್ಬೇಕು?"

"ಮರ್ಯಾದೆಗೆ ಬೆಂಕಿ ಹಾಕಿ! ನಿಮಗೇನಾದ್ರೂ ಆದ್ರೆ ನಾನು ಯಾರ ಹತ್ರ ಜಗಳ ಆಡ್ಲಿ?" ಅಕ್ಕ ಬೈಯುತ್ತಲೇ ಅತ್ತಳು.

ಆಸ್ಪತ್ರೆಯಲ್ಲಿ ಭಾವನ ಕೆನ್ನೆಯೊಳಗಿಂದ ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ಉತ್ತರ ಬರುವವರೆಗಿನ ಹತ್ತು ದಿನ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಕ್ಯಾನ್ಸರ್ ಆಗಿರಲಿಲ್ಲ, ಅದಕ್ಕೆ ಮೊದಲಿನ ಗುರುತಷ್ಟೇ. ತಂಬಾಕು ಇವತ್ತೇ ಬಿಡಬೇಕು, ದಿನಾ ಬಾಯಿಗೆ ವ್ಯಾಯಾಮ ಮಾಡಬೇಕು, ತಿಂಗಳಿಗೊಮ್ಮೆ ಬಂದು ತೋರಿಸಬೇಕು ಎಂದರು ಡಾಕ್ಟರು. ಭಾವ ಪೊಟ್ಟಣವನ್ನು ಅಲ್ಲೇ ಕಸದ ಬುಟ್ಟಿಗೆ ಹಾಕಿದರು.

ಈಗ ರಜೆಯ ದಿನ ಅಕ್ಕನ ಜೊತೆ ಭಾವನೂ ಹೋಗುತ್ತಾರೆ. ಯಾರಾದರೂ ಬಾಯಿ ತೋರಿಸಲು ಹಿಂಜರಿದರೆ, ಮೊದಲು ತಮ್ಮದನ್ನೇ ಆದಷ್ಟು ಅಗಲ ತೆರೆದು ತೋರಿಸಿ ಹೇಳುತ್ತಾರೆ:

"ನಾನು ಇವಳ ಗಂಡ. ನನಗೇ ಬಂತು. ನಿಮಗೇನ್ರೀ ನಾಚಿಕೆ?"