ಕಿಟಕಿಗೆ ಅಂಟಿಸಿದ ಎಕ್ಸ್‌ರೇ

ಸವಣೂರಿನ ನಮ್ಮ ಓಣಿಯಲ್ಲಿ ಉಳುಕು ತಿಕ್ಕುವ ಆಯಿ ಒಬ್ಬರಿದ್ದರು. ತಿಕ್ಕುವ ಮೊದಲು ಎರಡೂ ಅಂಗೈಗಳನ್ನು ತಮ್ಮ ಕೆನ್ನೆಗೆ ಒತ್ತಿಕೊಂಡು, ಬೆಚ್ಚಗಿವೆಯೇ ಎಂದು ನೋಡುತ್ತಿದ್ದರು. ಯಾರು ಚೀರಿದರೂ ಒಂದೇ ಮಾತು: "ಚೀರು, ಚೀರು. ನೋವು ಹೊರಗ ಬರಾಕತ್ತೇತಿ."

ಎಲೆಬಳ್ಳಿ ತೋಟದ ಏಣಿಯಿಂದ ಬಿದ್ದು ನನ್ನ ಮೊಣಕೈ ಊದಿದಾಗ ಅವರು ಮೂರು ವಾರ ಎಣ್ಣೆ ಹಚ್ಚಿ ತಿಕ್ಕಿದರು. ನಾನು ಮನಸಾರೆ ಚೀರಿದೆ. ಕೈ ಮಾತ್ರ ದಿನದಿನಕ್ಕೆ ಬಿಗಿಯಾಯಿತು. ಕೊನೆಗೆ ಡಾಕ್ಟರು ಎಕ್ಸ್‌ರೇ ತೋರಿಸಿ, ಪೆಟ್ಟಾದ ಮಾಂಸಖಂಡದೊಳಗೇ ಎಲುಬು ಬೆಳೆದಿದೆ, ತಿಕ್ಕಿದ್ದರಿಂದ ಇನ್ನಷ್ಟು ಹೆಚ್ಚಿದೆ ಎಂದರು.

ಆಯಿಗೆ ಹೇಳಬಾರದು ಅಂದುಕೊಂಡಿದ್ದೆ. ಅವರೇ ಬಂದು ಫಿಲ್ಮನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಈ ಬೆಳ್ಳಂದು ಏನೋ?"

"ಎಲುಬು, ಆಯಿ."

"ಅಲ್ಲಿ ಎಲುಬು ಇರೂದಿಲ್ಲಲ್ಲೋ. ನಾ ತಿಕ್ಕಿದ ಜಾಗಾ ಅದು."

ಆಯಿ ಫಿಲ್ಮನ್ನು ಕೆಳಗಿಳಿಸಿದರು. "ಇದನ್ನ ನನಗ ಕೊಡು" ಎಂದು ಸೆರಗಿನಲ್ಲಿ ಸುತ್ತಿಕೊಂಡು ಹೋದರು.

ಆಮೇಲೂ ಅವರು ಸೊಂಟ, ಬೆನ್ನು ತಿಕ್ಕುತ್ತಿದ್ದರು. ಒಂದು ದಿನ ನಾನು ಅವರ ಮನೆಯಲ್ಲಿದ್ದಾಗ ಹುಲಗೂರಿನ ಹೆಂಗಸೊಬ್ಬಳು ಊದಿದ ಮೊಣಕೈ ಹಿಡಿದುಕೊಂಡು ಬಂದಳು. ಆಯಿ ಎಣ್ಣೆಯ ಬಟ್ಟಲು ಮುಟ್ಟಲಿಲ್ಲ. ಕಿಟಕಿಗೆ ಅಂಟಿಸಿದ್ದ ನನ್ನ ಎಕ್ಸ್‌ರೇ ತೋರಿಸಿ, "ಇದು ನಾ ಮಾಡಿದ್ದವ್ವಾ. ನೀ ಮೊದಲ ದವಾಖಾನಿಗೆ ಹೋಗು" ಎಂದರು.

ತಮ್ಮ ಹಳೆಯ ಸೀರೆ ಹರಿದು ಅವಳ ಕೈಯನ್ನು ಕೊರಳಿಗೆ ಕಟ್ಟಿದರು. ಕಟ್ಟುವ ಮೊದಲು ಎರಡೂ ಅಂಗೈಗಳನ್ನು ಕೆನ್ನೆಗೆ ಒತ್ತಿ ನೋಡಿಕೊಂಡರು.